ಪ್ಲಗ್ ಬದಲಿಸಿದ ಮೇಲೆ ಇಂಜಿನ್ ನಡುಗುತ್ತಿದ್ದರೆ: ದೋಷ ಎಲ್ಲಿಂದ ಹುಡುಕಬೇಕು

ಗಾಡಿ ಚೆನ್ನಾಗಿಯೇ ಓಡುತ್ತಿತ್ತು. ಸರ್ವಿಸ್ ಹೊತ್ತಿಗೆ ಸ್ಪಾರ್ಕ್ ಪ್ಲಗ್ ಬದಲಿಸಿದಿರಿ. ಈಗ ಸಿಗ್ನಲ್‌ನಲ್ಲಿ ನಿಂತರೆ ಸ್ಟೀರಿಂಗ್ ನಡುಗುತ್ತದೆ, ಆಕ್ಸಿಲರೇಟರ್ ಒತ್ತಿದರೆ ಮುಗ್ಗರಿಸುತ್ತದೆ. ಗ್ಯಾರೇಜ್ ಭಾಷೆಯಲ್ಲಿ ಹೇಳಬೇಕೆಂದರೆ ‘ಮಿಸ್ಸಿಂಗ್ ಹೊಡೀತಿದೆ’, ಅಂದರೆ ಯಾವುದೋ ಸಿಲಿಂಡರ್‌ನಲ್ಲಿ ಪೆಟ್ರೋಲ್ ಉರಿಯುವುದು ತಪ್ಪುತ್ತಿದೆ (ಮಿಸ್‌ಫೈರ್). ಇಂಥ ಹೊತ್ತಿನಲ್ಲಿ ಜನ ಪೆಟ್ರೋಲ್ ಬಂಕನ್ನು ಬೈಯುತ್ತಾರೆ, ಎಥನಾಲ್ ಬೆರೆಸಿದ ಇ20 ಪೆಟ್ರೋಲನ್ನು ಬೈಯುತ್ತಾರೆ, ಇಂಜೆಕ್ಟರ್ (ಇಂಜಿನ್‌ಗೆ ಪೆಟ್ರೋಲ್ ಚಿಮ್ಮಿಸುವ ಭಾಗ) ಕ್ಲೀನಿಂಗ್‌ಗೆ ದುಡ್ಡು ಸುರಿಯುತ್ತಾರೆ. ಆದರೆ ಬೆಳಗ್ಗೆ ಸರಿಯಿದ್ದ ಇಂಜಿನ್ ಬಾನೆಟ್ ಮುಚ್ಚಿದ ಕೂಡಲೇ ಕೆಟ್ಟಿದೆ ಎಂದರೆ, ದೋಷ ಬಹುಮಟ್ಟಿಗೆ ಕೈಯಾಡಿಸಿದ ಜಾಗದಲ್ಲೇ ಇರುತ್ತದೆ. ಬಿಚ್ಚಿದ ಕನೆಕ್ಟರ್, ಎತ್ತಿದ ಕಾಯಿಲ್ (ಪ್ಲಗ್‌ಗೆ ಕಿಡಿಯ ಕರೆಂಟ್ ಕೊಡುವ ಭಾಗ), ಸರಿಸಿದ ಏರ್ ಫಿಲ್ಟರ್ ಡಬ್ಬಿ, ಹಾಕಿದ ಹೊಸ ಪ್ಲಗ್ ಇವಿಷ್ಟನ್ನು ಮುಗಿಸದೆ ಬೇರೆ ಕಡೆ ಹೋಗಬೇಡಿ.

ಒಂದು ಪ್ರಶ್ನೆಗೆ ಮಾತ್ರ ಮೊದಲೇ ಪ್ರಾಮಾಣಿಕವಾಗಿ ಉತ್ತರ ಕೊಟ್ಟುಕೊಳ್ಳಬೇಕು. ಪ್ಲಗ್ ಬದಲಿಸಿದ್ದು ಸರ್ವಿಸ್ ಲೆಕ್ಕಕ್ಕೋ, ಅಥವಾ ಮೊದಲೇ ಇದ್ದ ನಡುಕ ಹೋಗಲಿ ಎಂದೋ? ಎರಡನೆಯದಾದರೆ ಹೊಸ ಪ್ಲಗ್ ನಿರಪರಾಧಿ. ಕಾಯಿಲ್, ಇಂಜೆಕ್ಟರ್ ಅಥವಾ ಕಂಪ್ರೆಶನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಬಲ) ಮೊದಲೇ ಕೈಕೊಟ್ಟಿತ್ತು, ಇನ್ನೂ ಹಾಗೇ ಇದೆ, ಅಷ್ಟೇ. ಆಗ ಕನೆಕ್ಟರ್‌ಗಳನ್ನು ಒಮ್ಮೆ ನೋಡಿ, ನೇರವಾಗಿ ಮುಂದೆ ಹೇಳಿರುವ ಅದಲುಬದಲು ಪರೀಕ್ಷೆಗೆ ಹೋಗಬಹುದು.

ಹಳೇ ಪ್ಲಗ್‌ಗಳನ್ನು ಎಸೆಯಬೇಡಿ. ಮೊಟ್ಟೆ ಟ್ರೇಯ ಗುಳಿಗಳ ಮೇಲೆ 1, 2, 3, 4 ಎಂದು ಬರೆದು, ಯಾವ ಸಿಲಿಂಡರ್‌ನದು ಯಾವುದು ಎಂದು ಇಟ್ಟುಕೊಳ್ಳಿ. ಟೈಮಿಂಗ್ ಚೈನ್ ಅಥವಾ ಬೆಲ್ಟ್ ಇರುವ ಕಡೆಯದು ಸಾಮಾನ್ಯವಾಗಿ 1ನೇ ಸಿಲಿಂಡರ್; ಗೇರ್‌ಬಾಕ್ಸ್ ಕಡೆಯದು ಕೊನೆಯದು. ಸವೆದಿದ್ದರೂ ಓಡುತ್ತಿದ್ದ ಹಳೇ ಪ್ಲಗ್‌ಗಿಂತ ಒಳ್ಳೆಯ ಪರೀಕ್ಷಾ ಸಾಧನ ಇಲ್ಲ. ಅದನ್ನೇ ಮರಳಿ ಹಾಕಿದಾಗ ನಡುಕ ನಿಂತರೆ ತಪ್ಪು ಹೊಸ ಪ್ಲಗ್‌ನದು. ನಿಲ್ಲದಿದ್ದರೆ ಬೇರೆ ಕಡೆ ನೋಡಿ.

ಕೈ ಹಾಕುವ ಮುನ್ನ

ಕಾಯಿಲ್‌ನಿಂದ ಪ್ಲಗ್‌ಗೆ ಹೋಗುವುದು 20,000ದಿಂದ 40,000 ವೋಲ್ಟ್. ಇಂಜಿನ್ ಓಡುತ್ತಿರುವಾಗ ಪ್ಲಗ್ ಕೇಬಲನ್ನೋ ಕಾಯಿಲನ್ನೋ ಬರಿಗೈಯಲ್ಲಿ ಎಳೆಯಬೇಡಿ. ಹೃದಯಕ್ಕೆ ಪೇಸ್‌ಮೇಕರ್ ಹಾಕಿಸಿಕೊಂಡವರು ಓಡುವ ಇಂಜಿನ್ ಬಳಿ ಈ ಕೆಲಸಕ್ಕೆ ಬರಲೇಬಾರದು. ಪ್ಲಗ್ ಬಿಚ್ಚುವುದಿದ್ದರೆ ಇಂಜಿನ್ ಕೈಯಿಟ್ಟು ನೋಡುವಷ್ಟು ತಣ್ಣಗಾಗಿರಲಿ. ಅಲ್ಯೂಮಿನಿಯಂ ಹೆಡ್ ಬಿಸಿಯಿರುವಾಗ ಬಲ ಹಾಕಿದರೆ ಥ್ರೆಡ್ ಪ್ಲಗ್ ಜೊತೆಗೇ ಕಿತ್ತು ಬರುತ್ತದೆ. ರೇಡಿಯೇಟರ್ ಫ್ಯಾನ್ ಹೇಳದೆ ಕೇಳದೆ ತಿರುಗುತ್ತದೆ, ದುಪಟ್ಟಾ, ಟವೆಲ್, ಸಡಿಲ ತೋಳು ದೂರವಿರಲಿ. ಮುಚ್ಚಿದ ಶೆಡ್‌ನಲ್ಲಿ ಇಂಜಿನ್ ಓಡಿಸಬೇಡಿ. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್‌ಗೆ ವಾಸನೆಯೇ ಇಲ್ಲ.

ಪ್ಲಗ್ ಬಿಚ್ಚಿ ಇಂಜಿನ್‌ನ ಲೋಹಕ್ಕೆ ತಾಗಿಸಿ ಕಿಡಿ ನೋಡುವ ಹಳೇ ಗ್ಯಾರೇಜ್ ವಿದ್ಯೆಯನ್ನು ಈಗಿನ ಗಾಡಿಗಳಲ್ಲಿ ಮಾಡಬೇಡಿ. ಅರ್ಥ್ ಸರಿಯಾಗಿ ತಾಗದಿದ್ದರೆ ಕಾಯಿಲ್ ಸುಡುತ್ತದೆ, ಇಂಜಿನ್‌ನ ಕಂಪ್ಯೂಟರ್ ಆದ ಇಸಿಯುಗೂ ಪೆಟ್ಟು ಬೀಳಬಹುದು, ಪ್ಲಗ್ ತೂತಿನಿಂದ ಬರುವ ಪೆಟ್ರೋಲ್ ಆವಿಗೆ ಕಿಡಿ ತಾಗಿದರೆ ಬೆಂಕಿ. ಕಿಡಿ ನೋಡಲೇಬೇಕೆಂದರೆ ಸ್ಪಾರ್ಕ್ ಟೆಸ್ಟರ್ ಬಳಸಿ.

ಸ್ಟಾರ್ಟ್ ಆದಾಗಿನಿಂದಲೇ ಒಂದೇ ಲಯದ ನಡುಕ

ಒಂದು ಸಿಲಿಂಡರ್ ಸತ್ತಿದೆ ಎಂಬುದರ ಗುರುತು ಇದು. ಸೈಲೆನ್ಸರ್ ಬಾಯಿಯಿಂದ ಅರ್ಧ ಅಡಿ ದೂರದಲ್ಲಿ ಪೇಪರ್ ಚೂರು ಹಿಡಿದರೆ ಗಾಳಿ ಒಂದೇ ಸಮ ಬಡಿಯದೆ, ಲೆಕ್ಕವಿಟ್ಟಂತೆ ನಡುನಡುವೆ ಒಂದು ಬಡಿತ ತಪ್ಪುತ್ತದೆ. ಮೂರು ಸಿಲಿಂಡರ್ ಇಂಜಿನ್‌ನಲ್ಲಿ ನಡುಕ ಇನ್ನೂ ಜೋರು. ಮೂರರಲ್ಲೊಂದು ಪಾಲು ಶಕ್ತಿಯೇ ಹೋಗಿರುತ್ತದಲ್ಲ.

ಇಂಜಿನ್ ಆಫ್ ಮಾಡಿ, ಪ್ರತಿ ಕಾಯಿಲ್‌ನ ಕನೆಕ್ಟರ್ ಒತ್ತಿ ನೋಡಿ. ‘ಟಕ್’ ಎಂದು ಲಾಕ್ ಬೀಳಬೇಕು. ವರ್ಷಗಟ್ಟಲೆ ಬಿಸಿಯಲ್ಲಿದ್ದ ಪ್ಲಾಸ್ಟಿಕ್ ಲಾಕ್ ಬಿಚ್ಚುವಾಗಲೇ ಮುರಿದಿರುತ್ತದೆ. ಕನೆಕ್ಟರ್ ಕೂತಂತೆ ಕಂಡರೂ ಇಂಜಿನ್ ಅದುರಿದಾಗ ಅರ್ಧ ಹೊರಗೆ ಬಂದಿರುತ್ತದೆ. ಕನೆಕ್ಟರ್ ಕಳಚಿ ಒಳಗೆ ಟಾರ್ಚ್ ಬಿಡಿ: ಪಿನ್ ಬಾಗಿದೆಯೇ, ಹಿಂದಕ್ಕೆ ಹೋಗಿದೆಯೇ, ಹಸಿರು ಕಿಲುಬು ಹಿಡಿದಿದೆಯೇ ನೋಡಿ. ಪಕ್ಕದಲ್ಲೇ ಇರುವ ಇಂಜೆಕ್ಟರ್ ಕನೆಕ್ಟರ್‌ಗಳನ್ನೂ ಒತ್ತಿಬಿಡಿ, ಕಾಯಿಲ್ ಎತ್ತುವಾಗ ಮೊಣಕೈ ತಾಗಿ ಅವು ಸಡಿಲವಾಗುವುದುಂಟು.

ಮುಂದೆ ಕಾಯಿಲ್ ಎತ್ತಿ. ನೇರವಾಗಿ ಪ್ಲಗ್ ಮೇಲೆ ಕೂರುವ ಕಾಯಿಲ್‌ಗಳ ಕೆಳಗಿನ ರಬ್ಬರ್ ಬೂಟ್‌ನಲ್ಲಿ ಒಂದು ಸಣ್ಣ ಸ್ಪ್ರಿಂಗ್ ಇರುತ್ತದೆ. ಕಾಯಿಲ್‌ನ ಕರೆಂಟ್ ಪ್ಲಗ್ ತಲೆಗೆ ಮುಟ್ಟುವುದು ಅದರಿಂದಲೇ. ಹಳೇ ಪ್ಲಗ್‌ಗೆ ಬೂಟ್ ಅಂಟಿಕೊಂಡಿದ್ದು, ಎಳೆಯುವಾಗ ಆ ಸ್ಪ್ರಿಂಗ್ ಕಳಚಿ ಪ್ಲಗ್ ಜೊತೆ ಹೋಗಿ, ಈಗ ಡಸ್ಟ್‌ಬಿನ್‌ನಲ್ಲಿ ಕೂತಿರುವುದು ಅಪರೂಪವೇನಲ್ಲ. ನಾಲ್ಕೂ ಬೂಟ್ ಒಳಗೆ ಟಾರ್ಚ್ ಬಿಟ್ಟು, ಸ್ಪ್ರಿಂಗ್ ಇದೆಯೇ, ಒಂದೇ ಉದ್ದದಲ್ಲಿದೆಯೇ ಹೋಲಿಸಿ.

ಪ್ಲಗ್‌ನ ತುದಿಯಲ್ಲಿ ತಿರುಗಿಸಿ ಹಾಕುವ ಸಣ್ಣ ನಟ್ ಇರುವ ಮಾದರಿಗಳಿವೆ. ಕಾರಿನ ಬೂಟ್‌ಗೆ ಸಾಮಾನ್ಯವಾಗಿ ನಟ್ ಬೇಕು. ಬಹಳಷ್ಟು ಬೈಕ್‌ಗಳ ಕ್ಯಾಪ್‌ಗೆ ನಟ್ ತೆಗೆದ ಬರೀ ಥ್ರೆಡ್ ಬೇಕು. ನಟ್ ಸಡಿಲವಿದ್ದರೆ ಅಲ್ಲೇ ಕಿಡಿ ಹಾರಿ ಮಿಸ್ಸಿಂಗ್ ಬರುತ್ತದೆ. ಹಳೇ ಪ್ಲಗ್ ತಲೆ ಹೇಗಿತ್ತೋ ಹೊಸದರದ್ದೂ ಹಾಗೇ ಇರಲಿ, ನಟ್ ಇದ್ದರೆ ಇಕ್ಕಳದಿಂದ ಮೆಲ್ಲಗೆ ಬಿಗಿ ಮಾಡಿ.

ಇಷ್ಟಕ್ಕೆ ಒಂದು ರೂಪಾಯಿ ಖರ್ಚಿಲ್ಲ, ಹೆಚ್ಚೆಂದರೆ ಅರ್ಧ ಗಂಟೆ.

ಸತ್ತ ಸಿಲಿಂಡರ್ ಯಾವುದು?

ಮೇಲಿನವು ಸರಿಯಿದ್ದೂ ನಡುಕ ನಿಲ್ಲದಿದ್ದರೆ ಯಾವ ಸಿಲಿಂಡರ್ ಎಂದು ಗೊತ್ತು ಮಾಡಿಕೊಳ್ಳಬೇಕು. ಸ್ಟೀರಿಂಗ್ ಕೆಳಗಿನ ಪೋರ್ಟ್‌ಗೆ ಹಾಕುವ ಅಗ್ಗದ ಬ್ಲೂಟೂತ್ ಸ್ಕ್ಯಾನರ್ ಮತ್ತು ಮೊಬೈಲ್ ಸಾಕು, ಇಸಿಯು ದಾಖಲಿಸಿಟ್ಟ ದೋಷದ ಕೋಡ್ ಓದಬಹುದು. ಪಿ0301 ಎಂದರೆ 1ನೇ ಸಿಲಿಂಡರ್‌ನಲ್ಲಿ ಮಿಸ್‌ಫೈರ್, ಪಿ0302 ಎಂದರೆ 2ನೆಯದು, ಹೀಗೆ ಮುಂದಕ್ಕೆ. ಪಿ0300 ಬಂದರೆ ಒಂದಕ್ಕಿಂತ ಹೆಚ್ಚು ಸಿಲಿಂಡರ್‌ಗಳಲ್ಲಿ ಅಡ್ಡಾದಿಡ್ಡಿಯಾಗಿ ತಪ್ಪುತ್ತಿದೆ. ಪಿ0351ರಿಂದ ಪಿ0354 ಬಂದರೆ ಆಯಾ ಕಾಯಿಲ್‌ನ ಸರ್ಕ್ಯೂಟ್‌ನಲ್ಲೇ ತೊಂದರೆ, ಕನೆಕ್ಟರ್ ಮತ್ತು ವೈರನ್ನು ಇನ್ನೊಮ್ಮೆ ನೋಡಿ. ಹಳೇ ಬಿಎಸ್4 ಗಾಡಿಗಳೆಲ್ಲ ಸಿಲಿಂಡರ್ ಹೆಸರಿಟ್ಟು ಕೋಡ್ ಕೊಡುವುದಿಲ್ಲ. ಕೋಡ್ ಇಲ್ಲ ಎಂದ ಮಾತ್ರಕ್ಕೆ ಮಿಸ್‌ಫೈರ್ ಇಲ್ಲ ಎಂದಲ್ಲ.

ಸ್ಕ್ಯಾನರ್ ಇಲ್ಲದಿದ್ದರೆ, ಇಂಜಿನ್ ಐಡ್ಲಿಂಗ್‌ನಲ್ಲಿರುವಾಗ ಒಂದೊಂದೇ ಇಂಜೆಕ್ಟರ್‌ನ ಕನೆಕ್ಟರ್ ತೆಗೆದು, ಐದು ಸೆಕೆಂಡ್ ಕೇಳಿಸಿಕೊಂಡು ಮತ್ತೆ ಹಾಕಿ. ಚೆನ್ನಾಗಿರುವ ಸಿಲಿಂಡರ್‌ನದು ತೆಗೆದರೆ ಇಂಜಿನ್ ಇನ್ನೂ ಕುಸಿಯುತ್ತದೆ. ತೆಗೆದರೂ ಸದ್ದಿನಲ್ಲಿ ವ್ಯತ್ಯಾಸ ಬರಲಿಲ್ಲವೆಂದರೆ ಸತ್ತಿರುವುದು ಅದೇ. ಕಾಯಿಲ್ ಬದಲು ಇಂಜೆಕ್ಟರ್ ಕನೆಕ್ಟರನ್ನೇ ತೆಗೆಯಲು ಹೇಳುವುದಕ್ಕೆ ಕಾರಣವಿದೆ: ಕಾಯಿಲ್ ತೆಗೆದರೆ ಸುಡದ ಪೆಟ್ರೋಲ್ ಸೈಲೆನ್ಸರ್ ದಾರಿ ಹಿಡಿಯುತ್ತದೆ. ಇಂಜೆಕ್ಟರ್ ಕೈಗೆಟುಕದ ಜಾಗದಲ್ಲಿದ್ದರೆ ಈ ಪರೀಕ್ಷೆ ಬಿಡಿ. ಕೈಗೆ ಸಿಗುವ ಗಾಡಿಗಳಲ್ಲೂ ಬಿಸಿ ಪೈಪ್ ಮೇಲೆ ಕೈ ಚಾಚಬೇಡಿ.

ಅದಲುಬದಲು ಪರೀಕ್ಷೆ ಇಲ್ಲಿಂದ ಶುರು. ಪಿ0302 ಬಂದಿದೆ ಎಂದುಕೊಳ್ಳಿ. ಇಂಜಿನ್ ಆಫ್ ಮಾಡಿ 2ನೇ ಸಿಲಿಂಡರ್ ಕಾಯಿಲನ್ನು 3ಕ್ಕೆ, 3ರದ್ದನ್ನು 2ಕ್ಕೆ ಹಾಕಿ. ಕೋಡ್ ಅಳಿಸಿ, ಸ್ಟಾರ್ಟ್ ಮಾಡಿ, ಐದು ನಿಮಿಷದ ನಂತರ ಮತ್ತೆ ಓದಿ. ಕೋಡ್ ಪಿ0303 ಆದರೆ ದೋಷ ಕಾಯಿಲ್ ಜೊತೆ ಹೋಗಿದೆ, ಕಾಯಿಲ್ ಅಥವಾ ಅದರ ಬೂಟ್ ಕೆಟ್ಟಿದೆ. ಪಿ0302 ಆಗಿಯೇ ಉಳಿದರೆ ಪ್ಲಗ್ ಅದಲುಬದಲು ಮಾಡಿ. ಅದೂ ಕದಲದಿದ್ದರೆ ವೈರಿಂಗ್, ಇಂಜೆಕ್ಟರ್ ಅಥವಾ ಕಂಪ್ರೆಶನ್ ಉಳಿಯಿತು. ಒಂದು ಸಲಕ್ಕೆ ಒಂದೇ ವಸ್ತು. ಕಾಯಿಲ್, ಪ್ಲಗ್ ಎರಡನ್ನೂ ಒಟ್ಟಿಗೆ ಬದಲಿಸಿ ‘ಸರಿಹೋಯ್ತು’ ಎಂದರೆ ಯಾವುದರಿಂದ ಎಂದು ಗೊತ್ತಾಗುವುದೇ ಇಲ್ಲ, ಚೆನ್ನಾಗಿರುವ ಕಾಯಿಲ್‌ಗೂ ದುಡ್ಡು ಹೋಗುತ್ತದೆ.

ನಾಲ್ಕು ಸಿಲಿಂಡರ್‌ಗೆ ಒಂದೇ ಕಾಯಿಲ್ ಪ್ಯಾಕ್, ಅದರಿಂದ ನಾಲ್ಕು ಕೇಬಲ್ ಇರುವ ಗಾಡಿಯಲ್ಲಿ 1-4 ಒಂದು ಜೋಡಿ, 2-3 ಇನ್ನೊಂದು ಜೋಡಿ. ಜೋಡಿಯಾಗಿ ಎರಡೂ ಸತ್ತಿದ್ದರೆ ಕಾಯಿಲ್ ಪ್ಯಾಕ್‌ನ ಅರ್ಧ ಹೋಗಿದೆ. ಒಂದೇ ಸತ್ತಿದ್ದರೆ ಕೇಬಲ್ ಅಥವಾ ಪ್ಲಗ್. ಬೂಟ್ ಬಿಟ್ಟು ಕೇಬಲನ್ನೇ ಹಿಡಿದು ಎಳೆದವರಿಗೆ ಕೇಬಲ್ ಒಳಗಿನ ಕಾರ್ಬನ್ ಎಳೆ ತುಂಡಾಗುವ ಬಹುಮಾನ ಸಿಗುತ್ತದೆ. ಮಲ್ಟಿಮೀಟರ್‌ನಲ್ಲಿ ಉಳಿದ ಕೇಬಲ್‌ಗಳು ಕೆಲವು ಸಾವಿರ ಓಮ್ ತೋರಿಸಿ, ಒಂದು ಮಾತ್ರ ಏನೂ ತೋರಿಸದಿದ್ದರೆ ಅದೇ ಕಳ್ಳ. ಬದಲಿಸುವುದಾದರೆ ಪೂರ್ತಿ ಸೆಟ್ ಬದಲಿಸಿ. ಹಳೇ ಮಾದರಿಗಳದ್ದು ಊರಲ್ಲಿ ಸಿಗದಿದ್ದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳಲ್ಲಿ ವಿಚಾರಿಸಬಹುದು.

ಚೆಕ್ ಇಂಜಿನ್ ಲೈಟ್ ಮಿನುಗುತ್ತಿದ್ದರೆ

ಲೈಟ್ ಸುಮ್ಮನೆ ಉರಿಯುವುದಕ್ಕೂ ಮಿನುಗುವುದಕ್ಕೂ ವ್ಯತ್ಯಾಸವಿದೆ. ಸುಮ್ಮನೆ ಉರಿದರೆ ನಿಧಾನವಾಗಿ ಮನೆವರೆಗೆ ಓಡಿಸಬಹುದು. ಮಿನುಗಿದರೆ ಸುಡದ ಪೆಟ್ರೋಲ್, ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಸೇರಿ ಅಲ್ಲಿ ಉರಿಯುತ್ತಿದೆ. ಆಗ ಕನ್ವರ್ಟರ್ ಕೆಂಡದಂತೆ ಕಾಯುತ್ತದೆ, ಒಳಗಿನ ಜೇನುಗೂಡಿನಂಥ ಪಿಂಗಾಣಿ ಕರಗಿ ಕಟ್ಟಿಕೊಳ್ಳುತ್ತದೆ. ನಾಲ್ಕು ಪ್ಲಗ್‌ನ ಕೆಲಸ ಕನ್ವರ್ಟರ್ ಬದಲಿಸುವ ಕೆಲಸವಾಗುವುದು ಹೀಗೆ. ಆಕ್ಸಿಲರೇಟರ್ ಬಿಡಿ, ಸುರಕ್ಷಿತ ಜಾಗದಲ್ಲಿ ನಿಲ್ಲಿಸಿ ಇಂಜಿನ್ ಆಫ್ ಮಾಡಿ. ಒಣಹುಲ್ಲು, ತರಗೆಲೆ ಮೇಲೆ ಮಾತ್ರ ನಿಲ್ಲಿಸಬೇಡಿ. ‘ಹತ್ತು ಕಿಲೋಮೀಟರ್ ಅಲ್ವಾ’ ಎಂದು ಓಡಿಸುವುದಕ್ಕಿಂತ ಟೋ ಮಾಡಿಸುವುದು ಅಗ್ಗ.

ಐಡ್ಲಿಂಗ್ ಸರಿ, ಏರಿನಲ್ಲಿ ಜರ್ಕ್

ನಿಂತಾಗ ತೊಂದರೆಯಿಲ್ಲ, ಓವರ್‌ಟೇಕ್ ಮಾಡಲು ಒತ್ತಿದಾಗ, ಎ.ಸಿ. ಹಾಕಿಕೊಂಡು ಫ್ಲೈಓವರ್ ಏರುವಾಗ, ಚಾರ್ಮಾಡಿಯಂಥ ಘಾಟಿಯಲ್ಲಿ ಮೂರನೇ ಗೇರ್‌ನಲ್ಲಿ ಎಳೆಯುವಾಗ ‘ಢಕ್ ಢಕ್’ ಎನ್ನುತ್ತದೆ. ಪ್ಲಗ್ ಬದಲಿಸಿದ ಮೇಲೆ ಬರುವ ದೂರುಗಳಲ್ಲಿ ಹೆಚ್ಚು ದಾರಿ ತಪ್ಪಿಸುವುದು ಇದೇ. ನಿಲ್ಲಿಸಿ ನೋಡಿದರೆ ಎಲ್ಲ ಸರಿಯಿರುತ್ತದೆ, ಹಾಗಾಗಿ ಕ್ಲಚ್ಚು, ಪೆಟ್ರೋಲ್ ಪಂಪು ಎಂದೆಲ್ಲ ಅನುಮಾನ ಹೋಗುತ್ತದೆ.

ಕಾರಣ ಸರಳ. ಲೋಡ್ ಬಿದ್ದಾಗ ಸಿಲಿಂಡರ್ ಒಳಗಿನ ಒತ್ತಡ ಏರುತ್ತದೆ. ಒತ್ತಡ ಏರಿದಷ್ಟೂ ಪ್ಲಗ್ ತುದಿಯ ಎರಡು ಕಡ್ಡಿಗಳ ನಡುವಿನ ಗ್ಯಾಪ್ ದಾಟಲು ಕಿಡಿಗೆ ಹೆಚ್ಚು ವೋಲ್ಟೇಜ್ ಬೇಕು. ಗ್ಯಾಪ್ ಸ್ವಲ್ಪ ಜಾಸ್ತಿಯಿದ್ದರೂ, ಪಿಂಗಾಣಿಯಲ್ಲಿ ಕೂದಲೆಳೆ ಬಿರುಕಿದ್ದರೂ ಕಿಡಿ ಸುಲಭದ ದಾರಿ ಹಿಡಿದು ಹೊರಗಿನಿಂದಲೇ ಇಂಜಿನ್‌ನ ಲೋಹಕ್ಕೆ ಹಾರಿಬಿಡುತ್ತದೆ.

ಮೊದಲು ಗ್ಯಾಪ್. ‘ಕಂಪನಿಯಿಂದಲೇ ಸೆಟ್ ಆಗಿ ಬರುತ್ತೆ’ ಎಂಬ ಮಾತು ಅರ್ಧ ನಿಜ. ಒಂದೇ ನಂಬರಿನ ಪ್ಲಗ್ ಹಲವು ಗಾಡಿಗಳಿಗೆ ಹೋಗುತ್ತದೆ, ಸಾಗಣೆಯಲ್ಲಿ ಬಿದ್ದು ಮುಚ್ಚಿಕೊಂಡಿರುವುದೂ ಉಂಟು. ಬಹಳಷ್ಟು ಪೆಟ್ರೋಲ್ ಕಾರುಗಳಿಗೆ ಗ್ಯಾಪ್ 0.8ರಿಂದ 1.1 ಮಿ.ಮೀ. ನಡುವೆ, ಟರ್ಬೊ ಗಾಡಿಗಳಿಗೆ ಸಾಮಾನ್ಯವಾಗಿ ಇನ್ನೂ ಕಡಿಮೆ. ನಿಮ್ಮ ಗಾಡಿಯ ಅಂಕಿ ಓನರ್ಸ್ ಮ್ಯಾನ್ಯುಯಲ್‌ನಲ್ಲಿದೆ. ಗ್ಯಾಪ್ ಅಳೆಯುವ ಫೀಲರ್ ಗೇಜ್‌ನ ತೆಳು ಪಟ್ಟಿ ಗ್ಯಾಪ್‌ನಲ್ಲಿ ತುಸು ಹಿಡಿದಂತೆ ಜಾರಬೇಕು. 0.1 ಮಿ.ಮೀ. ಜಾಸ್ತಿಯ ಪಟ್ಟಿಯೂ ಸಲೀಸಾಗಿ ಹೋದರೆ ಗ್ಯಾಪ್ ಹೆಚ್ಚಾಗಿದೆ. ಸರಿಪಡಿಸುವಾಗ ಬದಿಯ ಬಾಗಿದ ಕಡ್ಡಿಯನ್ನು ಮಾತ್ರ ಅಲುಗಿಸಿ. ಇರಿಡಿಯಂ ಪ್ಲಗ್‌ನ ನಡು ತುದಿ ಬಾಲ್‌ಪೆನ್ ಮೊನೆಗಿಂತಲೂ ಸಣ್ಣದು, ಅದಕ್ಕೆ ಗೇಜ್ ಆನಿಸಿ ಮೀಟಿದರೆ ಮುರಿದೇ ಹೋಗುತ್ತದೆ. ನಾಣ್ಯದಂಥ ದುಂಡು ಗೇಜ್ ಇದಕ್ಕೆ ಬೇಡವೇ ಬೇಡ.

ಬಳಿಕ ಪಿಂಗಾಣಿ. ಸಾಕೆಟ್ ಓರೆಯಾಗಿ ಹಿಡಿದು ತಿರುಗಿಸಿದರೆ ಬಿಳಿ ಭಾಗ ಬಿರುಕು ಬಿಡುತ್ತದೆ. ಬಿರುಕು ಬರಿಗಣ್ಣಿಗೆ ಕಾಣದಿದ್ದರೂ ಕಿಡಿ ಹರಿದ ಗುರುತು ಕಾಣುತ್ತದೆ: ಬಿಳಿ ಪಿಂಗಾಣಿಯ ಮೇಲೆ ಪೆನ್ಸಿಲ್‌ನಲ್ಲಿ ಎಳೆದಂತೆ ಮೇಲಿನಿಂದ ಕೆಳಕ್ಕೆ ಒಂದು ಸಣ್ಣ ಕರಿ ಗೆರೆ. ಬೂಟ್‌ನ ಒಳಗೋಡೆಯಲ್ಲೂ ಅದಕ್ಕೆ ಎದುರಾಗಿ ಇನ್ನೊಂದು ಗೆರೆ ಇರುತ್ತದೆ. ಅದು ಕಾರ್ಬನ್, ಅಂದರೆ ಕರೆಂಟ್ ಹರಿಯುವ ತಂತಿಯೇ. ಒರೆಸಿದರೆ ಹೋಗುವುದಿಲ್ಲ. ಪ್ಲಗ್, ಬೂಟ್ ಎರಡನ್ನೂ ಒಟ್ಟಿಗೆ ಬದಲಿಸಬೇಕು. ಪ್ಲಗ್ ಮಾತ್ರ ಬದಲಿಸಿದರೆ ಹಳೇ ಬೂಟ್‌ನ ಗೆರೆ ಹೊಸ ಪ್ಲಗ್‌ಗೂ ಅಂಟಿ ವಾರದೊಳಗೆ ಜರ್ಕ್ ಮರಳುತ್ತದೆ. ಇದನ್ನು ಸಾಕೆಟ್ ಕೂರುವ ಷಟ್ಕೋನ ಭಾಗದ ಮೇಲಿನ ಕಂದು ಉಂಗುರದೊಂದಿಗೆ ಗೊಂದಲ ಮಾಡಿಕೊಳ್ಳಬೇಡಿ. ಸುತ್ತಲೂ ತೆಳ್ಳಗೆ ಹಬ್ಬಿದ ಆ ಕಂದು ಕಲೆ ಹೆಚ್ಚು ವೋಲ್ಟೇಜ್‌ಗೆ ಎಣ್ಣೆಯ ಕಣಗಳು ಅಂಟಿ ಆಗುವುದು. ಅದರಿಂದ ತೊಂದರೆಯಿಲ್ಲ.

ಇನ್ನು ಪ್ಲಗ್ ನಂಬರ್. ಎನ್‌ಜಿಕೆಯ ಬಿಪಿಆರ್6ಇಎಸ್ ತೆಗೆದುಕೊಳ್ಳಿ: ಬಿ ಎಂದರೆ 14 ಮಿ.ಮೀ. ಥ್ರೆಡ್, ಆರ್ ಎಂದರೆ ಒಳಗೆ ರೆಸಿಸ್ಟರ್ ಇದೆ, 6 ಹೀಟ್ ರೇಂಜ್ (ಪ್ಲಗ್ ತನ್ನ ಬಿಸಿಯನ್ನು ಎಷ್ಟು ಬೇಗ ಬಿಟ್ಟುಕೊಡುತ್ತದೆ ಎಂಬ ಅಂಕಿ), ಇ ಎಂದರೆ ಥ್ರೆಡ್ ಉದ್ದ 19 ಮಿ.ಮೀ. ಇ ಇರಬೇಕಾದಲ್ಲಿ 12.7 ಮಿ.ಮೀ. ಉದ್ದದ ಎಚ್ ಬಂದರೆ ಪ್ಲಗ್ ಕೂರುತ್ತದೆ, ಇಂಜಿನ್ ಓಡುತ್ತದೆ, ಆದರೆ ಕಿಡಿ ತೂತಿನೊಳಗೇ ಅಡಗಿ ಹೊಡೆಯುತ್ತದೆ. ಉಲ್ಟಾ ಆದರೆ ಇನ್ನೂ ಅಪಾಯ: ಉದ್ದ ಜಾಸ್ತಿಯಾದ ಪ್ಲಗ್‌ಗೆ ಪಿಸ್ಟನ್ ಬಂದು ಬಡಿಯಬಹುದು. ಆರ್ ಇಲ್ಲದ ಪ್ಲಗ್ ಹಾಕಿದರೆ ಕಿಡಿಯ ಗದ್ದಲ ಸೆನ್ಸರ್‌ಗಳಿಗೆ ಅಡ್ಡಿಯಾಗುತ್ತದೆ. ಬೇರೆ ಬ್ರ್ಯಾಂಡ್‌ಗೆ ಹೋಗುವಾಗ ಹೀಟ್ ರೇಂಜ್ ಅಂಕಿ ಹೋಲಿಸಬೇಡಿ. ಎನ್‌ಜಿಕೆ, ಡೆನ್ಸೊದಲ್ಲಿ ಅಂಕಿ ಏರಿದಂತೆ ಪ್ಲಗ್ ತಣ್ಣಗಿನದು, ಬಾಷ್‌ನಲ್ಲಿ ಅಂಕಿ ಏರಿದಂತೆ ಬಿಸಿಯದು. ಬ್ರ್ಯಾಂಡ್‌ಗಳೇ ಕೊಡುವ ಹೋಲಿಕೆ ಪಟ್ಟಿ ನೋಡಿ.

ಡೂಪ್ಲಿಕೇಟ್ ಮಾಲಿನ ಅನುಮಾನವಿದ್ದರೆ ನಾಲ್ಕೂ ಪ್ಲಗ್ ಸಾಲಾಗಿ ಇಟ್ಟು ನೋಡಿ. ನಡು ಕಡ್ಡಿ ನಡುವಿನಲ್ಲಿಲ್ಲ, ಗ್ಯಾಪ್ ಒಂದೊಂದರಲ್ಲಿ ಒಂದೊಂದು, ಅಕ್ಷರ ಉಗುರಿಗೆ ಕೆರೆದು ಬರುತ್ತದೆ, ವಾಷರ್ ತನ್ನಷ್ಟಕ್ಕೆ ಕಳಚಿ ಬೀಳುತ್ತದೆ ಎಂದರೆ ಬಿಲ್ ಸಮೇತ ವಾಪಸ್ ಕೊಡಿ.

ಸಿಎನ್‌ಜಿ ಹಾಕಿಸಿದ ಗಾಡಿ

ಸಿಎನ್‌ಜಿಗೆ ಕಿಡಿ ಹಚ್ಚಲು ಪೆಟ್ರೋಲ್‌ಗಿಂತ ಹೆಚ್ಚು ವೋಲ್ಟೇಜ್ ಬೇಕು. ಆದ್ದರಿಂದ ಪೆಟ್ರೋಲ್‌ನಲ್ಲಿ ಮುಚ್ಚಿಹೋಗುವ ಹುಳುಕು ಗ್ಯಾಸ್‌ನಲ್ಲಿ ಬಯಲಾಗುತ್ತದೆ. ಇದೇ ಒಳ್ಳೆಯ ಪರೀಕ್ಷೆಯೂ ಹೌದು. ಪೆಟ್ರೋಲ್‌ನಲ್ಲಿ ಸರಿ, ಗ್ಯಾಸ್‌ನಲ್ಲಿ ಜರ್ಕ್ ಎಂದರೆ ಮೊದಲು ಪ್ಲಗ್ ಗ್ಯಾಪ್, ಬೂಟ್, ಕಾಯಿಲ್ ನೋಡಿ. ಗ್ಯಾಸ್‌ನಲ್ಲಿ ಸರಿ, ಪೆಟ್ರೋಲ್‌ನಲ್ಲಿ ಜರ್ಕ್ ಎಂದರೆ ಪ್ಲಗ್ ಮರೆತುಬಿಡಿ, ಪೆಟ್ರೋಲ್ ಇಂಜೆಕ್ಟರ್ ಕಡೆ ನೋಡಿ. ಎರಡರಲ್ಲೂ ಒಂದೇ ಥರ ಎಂದರೆ ಸತ್ತ ಸಿಲಿಂಡರ್ ಹುಡುಕುವ ಕ್ರಮಕ್ಕೆ ಮರಳಿ.

ಹೊರಗೆ ಕಿಟ್ ಹಾಕಿಸಿದ ಗಾಡಿಗಳಲ್ಲಿ ಗ್ಯಾಪನ್ನು ಸಾಮಾನ್ಯವಾಗಿ 0.7-0.8 ಮಿ.ಮೀ.ಗೆ ಇಳಿಸುತ್ತಾರೆ. ಕಂಪನಿ ಫಿಟ್ಟಿಂಗ್ ಆಗಿದ್ದರೆ ಮ್ಯಾನ್ಯುಯಲ್‌ನ ಅಂಕಿಯೇ ಕೊನೆ ಮಾತು. ಗ್ಯಾಸ್ ಪೈಪ್, ರೆಗ್ಯುಲೇಟರ್‌ಗೆ ಸ್ಪ್ಯಾನರ್ ಹಾಕಬೇಡಿ. ತುಂಬಿದ ಗ್ಯಾಸ್ ಸಿಲಿಂಡರ್‌ನ ಒತ್ತಡ 200 ಬಾರ್. ಗ್ಯಾಸ್ ವಾಸನೆ ಬಂದರೆ ವಾಲ್ವ್ ಮುಚ್ಚಿ, ಕಿಟ್ ಕೆಲಸ ಬಲ್ಲವರನ್ನೇ ಕರೆಯಿರಿ.

ಐಡ್ಲಿಂಗ್ ಮಾತ್ರ ಏರುಪೇರು, ಓಡುವಾಗ ಪರವಾಗಿಲ್ಲ

ಆರ್‌ಪಿಎಂ ಮುಳ್ಳು ಏರಿಳಿಯುತ್ತದೆ, ‘ಸ್‌ಸ್‌ಸ್’ ಸದ್ದಿದೆ, ಸಿಗ್ನಲ್‌ನಲ್ಲಿ ಕೆಲವೊಮ್ಮೆ ಆಫ್ ಆಗುತ್ತದೆ. ಇದು ಕಿಡಿಯ ದೋಷವಲ್ಲ, ಗಾಳಿಯದು. ಪ್ಲಗ್‌ಗೆ ದಾರಿ ಮಾಡಿಕೊಳ್ಳಲು ಏರ್ ಫಿಲ್ಟರ್ ಡಬ್ಬಿ ಎತ್ತಬೇಕಾದ ಗಾಡಿಗಳಲ್ಲಿ, ಅದರ ಅಡಿಯಲ್ಲಿ ಅಡಗಿರುವ ಬೆರಳು ದಪ್ಪದ ಬ್ರೀದರ್ ಪೈಪ್ ಮರಳಿ ಹಾಕುವುದನ್ನು ಮರೆಯುತ್ತಾರೆ. ಡಬ್ಬಿಯ ಕ್ಲಿಪ್‌ಗಳು, ಥ್ರಾಟಲ್ ಬಾಡಿ ಮೇಲಿನ ರಬ್ಬರ್ ಪೈಪಿನ ಕ್ಲ್ಯಾಂಪ್, ಗಾಳಿ ಅಳೆಯುವ ಸೆನ್ಸರ್‌ನ ಕನೆಕ್ಟರ್ ಒಂದೊಂದನ್ನೂ ಮುಟ್ಟಿ ನೋಡಿ. ಪಿ0171 ಕೋಡ್ ಬಂದಿದ್ದರೆ ಎಲ್ಲೋ ಲೆಕ್ಕಕ್ಕೆ ಸಿಗದ ಗಾಳಿ ನುಗ್ಗುತ್ತಿದೆ. ಅರ್ಧ ಮೀಟರ್ ರಬ್ಬರ್ ಪೈಪ್‌ನ ಒಂದು ತುದಿ ಕಿವಿಗೆ, ಇನ್ನೊಂದು ತುದಿ ಜಾಯಿಂಟ್‌ಗಳ ಹತ್ತಿರ ಹಿಡಿದರೆ ಸೋರುವ ಜಾಗ ಸಿಳ್ಳೆ ಹಾಕುತ್ತದೆ. ಕಾರ್ಬ್ ಕ್ಲೀನರ್ ಚಿಮುಕಿಸಿ ನೋಡುವ ರೂಢಿ ಇದೆ. ಬಿಸಿ ಇಂಜಿನ್ ಮೇಲೆ ಅದು ಬೆಂಕಿಗೆ ಆಹ್ವಾನ.

ಕೆಲಸದ ನಡುವೆ ಬ್ಯಾಟರಿ ಟರ್ಮಿನಲ್ ತೆಗೆದಿದ್ದರೆ ಇಸಿಯು ಕಲಿತಿದ್ದ ಐಡ್ಲಿಂಗ್ ಲೆಕ್ಕ ಅಳಿಸಿಹೋಗಿರುತ್ತದೆ. ಇಂಜಿನ್ ಬಿಸಿಯಾದ ಮೇಲೆ ಎ.ಸಿ., ಹೆಡ್‌ಲೈಟ್ ಆಫ್ ಮಾಡಿ ಹತ್ತು ನಿಮಿಷ ಐಡ್ಲಿಂಗ್‌ನಲ್ಲಿ ಬಿಡಿ, ಆಮೇಲೆ ಎ.ಸಿ. ಹಾಕಿ ಐದು ನಿಮಿಷ, ಬಳಿಕ ಹದಿನೈದಿಪ್ಪತ್ತು ಕಿಲೋಮೀಟರ್ ಓಡಿಸಿ. ಬಹಳಷ್ಟು ಗಾಡಿಗಳಿಗೆ ಇಷ್ಟು ಸಾಕು. ಕೆಲವಕ್ಕೆ ಸ್ಕ್ಯಾನರ್‌ನಿಂದ ಹೊಸದಾಗಿ ಕಲಿಸಬೇಕು. ಒಂದೇ ಸಿಲಿಂಡರ್ ಸತ್ತಿದ್ದರೆ ಮಾತ್ರ ಎಷ್ಟು ಓಡಿಸಿದರೂ ಇಸಿಯು ‘ಕಲಿತು’ ಸರಿಮಾಡಿಕೊಳ್ಳುವುದಿಲ್ಲ.

‘ಚಫ್ ಚಫ್’ ಸದ್ದು, ಬಾನೆಟ್ ಕಡೆಯಿಂದ ಹೊಗೆ ವಾಸನೆ

ಇಲ್ಲಿ ನಿಲ್ಲಿಸಿ. ಪ್ಲಗ್ ಸಡಿಲವಿದೆ ಅಥವಾ ಥ್ರೆಡ್ ತಪ್ಪಿ ಕೂತಿದೆ. ಉರಿದ ಗಾಳಿ ಪಕ್ಕದಿಂದ ನುಗ್ಗುತ್ತಿದೆ. ಪ್ಲಗ್ ತನ್ನ ಬಿಸಿಯನ್ನು ಹೆಡ್‌ಗೆ ದಾಟಿಸುವುದು ಥ್ರೆಡ್ ಮತ್ತು ವಾಷರ್ ಮೂಲಕ. ಸಡಿಲವಿದ್ದರೆ ಬಿಸಿ ಹೋಗಲು ದಾರಿಯಿಲ್ಲದೆ ತುದಿ ಕೆಂಪಗಾಗಿ, ಕಿಡಿಗೆ ಮೊದಲೇ ಪೆಟ್ರೋಲ್ ಹತ್ತಿಕೊಳ್ಳುತ್ತದೆ, ಪಿಸ್ಟನ್‌ಗೇ ತೂತು ಬೀಳಬಹುದು. ಹಾಗೇ ಓಡಿಸಿದರೆ ಥ್ರೆಡ್ ಕಿತ್ತುಕೊಂಡು ಪ್ಲಗ್ ಹೊರಗೆ ಹಾರಿದ ಉದಾಹರಣೆಗಳೂ ಇವೆ.

ತಣ್ಣಗಾದ ಮೇಲೆ ಬಿಚ್ಚಿ. ಪಿಂಗಾಣಿ ಬುಡದಲ್ಲಿ, ಪ್ಲಗ್ ಕೂರುವ ಗುಂಡಿಯ ಗೋಡೆಯಲ್ಲಿ ಕರಿ ಮಸಿ ಇದ್ದರೆ ಸೋರಿದ್ದು ಖಚಿತ. ಹಳೇ ಪ್ಲಗ್‌ನ ವಾಷರ್ ಹೆಡ್‌ನಲ್ಲೇ ಉಳಿದು, ಹೊಸದು ಅದರ ಮೇಲೆ ಕೂತಿದೆಯೇ ಎಂದು ಟಾರ್ಚ್ ಬಿಟ್ಟು ನೋಡಿ. ಎರಡು ವಾಷರ್ ಎಂದೂ ಸರಿಯಾಗಿ ಕೂರುವುದಿಲ್ಲ.

ಮತ್ತೆ ಹಾಕುವಾಗ ಮೊದಲ ಸುತ್ತುಗಳಿಗೆ ರ್‍ಯಾಚೆಟ್ ಬೇಡ. ಪ್ಲಗ್ ತಲೆಗೆ ಹಳೇ ಪೆಟ್ರೋಲ್ ಪೈಪ್‌ನ ತುಂಡು ಸಿಕ್ಕಿಸಿ, ಅದರಿಂದ ಗುಂಡಿಯೊಳಗೆ ಇಳಿಸಿ. ಮೊದಲು ಎಡಕ್ಕೆ ಮೆಲ್ಲಗೆ ತಿರುಗಿಸಿ, ಥ್ರೆಡ್ ‘ಟಿಕ್’ ಎಂದು ಜಾರಿ ಬಿದ್ದದ್ದು ಕೈಗೆ ತಿಳಿದಾಗ ಬಲಕ್ಕೆ ತಿರುಗಿಸಿ. ಓರೆಯಾದರೆ ಪೈಪೇ ಜಾರುತ್ತದೆ, ಥ್ರೆಡ್ ಉಳಿಯುತ್ತದೆ. ಕೈಯಿಂದಲೇ ಬುಡದವರೆಗೆ ಹೋಗಬೇಕು. ಆಮೇಲೆ ಬಿಗಿ ಅಳೆದು ತಿರುಗಿಸುವ ಟಾರ್ಕ್ ರೆಂಚ್: ಅಲ್ಯೂಮಿನಿಯಂ ಹೆಡ್‌ನಲ್ಲಿ 14 ಮಿ.ಮೀ. ಪ್ಲಗ್‌ಗೆ ಸುಮಾರು 25-30, 12 ಮಿ.ಮೀ.ಗೆ 15-20, 10 ಮಿ.ಮೀ.ಗೆ 10-12 ನ್ಯೂಟನ್ ಮೀಟರ್. ಮ್ಯಾನ್ಯುಯಲ್‌ನಲ್ಲಿ ಬೇರೆ ಅಂಕಿ ಇದ್ದರೆ ಅದೇ ಸರಿ. ರೆಂಚ್ ಇಲ್ಲದಿದ್ದರೆ ಹೊಸ ವಾಷರ್ ಇರುವ 14 ಮಿ.ಮೀ. ಪ್ಲಗ್‌ಗೆ ಕೈಬಿಗಿಯ ನಂತರ ಅರ್ಧದಿಂದ ಮೂರರಲ್ಲೆರಡು ಸುತ್ತು. ವಾಷರ್ ಇಲ್ಲದ, ಇಳಿಜಾರು ಬುಡದ ಪ್ಲಗ್‌ಗೆ ಹದಿನಾರರಲ್ಲೊಂದು ಸುತ್ತು ಮಾತ್ರ. ಥ್ರೆಡ್‌ಗೆ ಗ್ರೀಸ್, ಎಣ್ಣೆ ಸವರಬೇಡಿ, ಜಾರು ಹೆಚ್ಚಾಗಿ ಅದೇ ಟಾರ್ಕ್‌ಗೆ ಅತಿಯಾಗಿ ಬಿಗಿಯುತ್ತದೆ.

ಎರಡು ಮೂರು ಸುತ್ತಿಗೇ ಬಿಗಿಯಾಯಿತು, ಅಥವಾ ಎಷ್ಟು ತಿರುಗಿಸಿದರೂ ಬಿಗಿಯುತ್ತಲೇ ಇಲ್ಲ ಎಂದರೆ ಥ್ರೆಡ್ ಹೋಗಿದೆ. ಬಲ ಹಾಕಬೇಡಿ, ಸ್ಟಾರ್ಟೂ ಮಾಡಬೇಡಿ. ಹೆಲಿಕಾಯಿಲ್‌ನಂಥ ಹೊಸ ಥ್ರೆಡ್ ಕೂರಿಸುವ ಕೆಲಸ ಗೊತ್ತಿರುವವರ ಹತ್ತಿರ ಹೋಗಿ. ಲೋಹದ ಚೂರು ಸಿಲಿಂಡರ್‌ಗೆ ಬೀಳದಂತೆ ಏನು ಮಾಡುತ್ತೀರಿ ಎಂದು ಕೇಳಿ. ಉತ್ತರ ತಡವರಿಸಿದರೆ ಬೇರೆ ಗ್ಯಾರೇಜ್ ನೋಡಿ.

ಸ್ಟಾರ್ಟ್ ಆಗುವುದಿಲ್ಲ, ಆದರೂ ಪಟಾಕಿ ಸದ್ದು

ಕೇಬಲ್‌ಗಳು ಅದಲುಬದಲಾಗಿವೆ. ನಾಲ್ಕು ಸಿಲಿಂಡರ್‌ನ ಬಹುತೇಕ ಇಂಜಿನ್‌ಗಳ ಫೈರಿಂಗ್ ಆರ್ಡರ್ (ಸಿಲಿಂಡರ್‌ಗಳಿಗೆ ಕಿಡಿ ಹೋಗುವ ಸರದಿ) 1-3-4-2. ಹಳೇ ಮಾರುತಿ 800ರದ್ದು 1-3-2. ಕೇಬಲ್‌ಗಳಿಗೆ ಕಿಡಿ ಹಂಚುವ ಡಿಸ್ಟ್ರಿಬ್ಯೂಟರ್ ಇರುವ ಗಾಡಿಯಲ್ಲಿ ಅದರೊಳಗಿನ ರೋಟರ್ ಯಾವ ಕಡೆ ತಿರುಗುತ್ತದೆಂದು ನೋಡಿಕೊಂಡು ಆ ಕ್ರಮದಲ್ಲೇ ಹಾಕಬೇಕು. ಪದೇ ಪದೇ ಸೆಲ್ಫ್ ಹೊಡೆದು ಪ್ಲಗ್ ಪೆಟ್ರೋಲ್‌ನಲ್ಲಿ ನೆನೆದಿದ್ದರೆ ಬಿಚ್ಚಿ ಒಣಗಿಸಿ. ಇಂಜೆಕ್ಷನ್ ಗಾಡಿಗಳಲ್ಲಿ ಆಕ್ಸಿಲರೇಟರನ್ನು ಪೂರ್ತಿ ಒತ್ತಿ ಹಿಡಿದು ಸೆಲ್ಫ್ ಹೊಡೆದರೆ ಪೆಟ್ರೋಲ್ ಕಟ್ ಆಗಿ ಸಿಲಿಂಡರ್ ಗಾಳಿಯಾಡುತ್ತದೆ. ಒಮ್ಮೆಗೆ ಹತ್ತು ಸೆಕೆಂಡ್ ದಾಟಬೇಡಿ.

ಮಳೆಯಲ್ಲಿ, ವಾಟರ್ ಸರ್ವಿಸ್ ಆದ ಮೇಲೆ ಶುರುವಾದರೆ

ಪ್ಲಗ್ ಬದಲಿಸಿದವರೇ ಇಂಜಿನ್‌ಗೆ ನೀರು ಹೊಡೆದು ತೊಳೆದಿದ್ದರೆ ಮೊದಲು ಗುಂಡಿ ನೋಡಿ. ಕಾಯಿಲ್‌ನ ಮೇಲಿನ ರಬ್ಬರ್ ಸರಿಯಾಗಿ ಕೂರದಿದ್ದರೆ ನೀರು ಇಳಿದು ನಿಲ್ಲುತ್ತದೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ತೊಳೆಯದೆಯೂ ಇಳಿಯುತ್ತದೆ. ನೀರಿರುವಾಗ ಪ್ಲಗ್ ಬಿಚ್ಚಬೇಡಿ, ಎಲ್ಲವೂ ಸಿಲಿಂಡರ್‌ಗೆ ಹೋಗುತ್ತದೆ. ಮೊದಲು ಸಿರಿಂಜ್‌ನಿಂದ ಎಳೆದು, ಸ್ಕ್ರೂಡ್ರೈವರ್‌ಗೆ ಬಟ್ಟೆ ಸುತ್ತಿ ಒರೆಸಿ, ಪಂಕ್ಚರ್ ಅಂಗಡಿಯ ಗಾಳಿ ಹೊಡೆಸಿ. ಕಣ್ಣಿಗೆ ಕನ್ನಡಕ ಇರಲಿ. ಮರಳಿ ಹಾಕುವಾಗ ಬೂಟ್ ಬಾಯಿಯ ಒಳಗೆ ಕರೆಂಟ್ ಹರಿಯಗೊಡದ ಡೈಎಲೆಕ್ಟ್ರಿಕ್ ಗ್ರೀಸ್ ತೆಳ್ಳಗೆ ಸವರಿ.

ನೀರಿನ ಬದಲು ಎಣ್ಣೆ ಇದ್ದರೆ ವಾಲ್ವ್ ಕವರ್ ಗ್ಯಾಸ್ಕೆಟ್ ಅಥವಾ ಗುಂಡಿಯ ಸೀಲ್ ಹೋಗಿದೆ. ಎಣ್ಣೆಗೆ ಬೂಟ್‌ನ ರಬ್ಬರ್ ಉಬ್ಬಿ ಮೆತ್ತಗಾಗುತ್ತದೆ, ಅದನ್ನೂ ಬದಲಿಸಬೇಕು.

ಬೈಕ್‌ಗಳ ಬಗ್ಗೆ ಎರಡು ಮಾತು

ಒಂದೇ ಪ್ಲಗ್ ಇರುವ ಬೈಕ್‌ನಲ್ಲಿ ಹುಡುಕುವುದು ಸುಲಭ: ಕ್ಯಾಪ್, ನಟ್, ಗ್ಯಾಪ್. ಅವಳಿ ಪ್ಲಗ್‌ನ ಪಲ್ಸರ್‌ಗಳಲ್ಲಿ, ಮೂರು ಪ್ಲಗ್‌ನ ಪಲ್ಸರ್ ಎನ್‌ಎಸ್200ನಲ್ಲಿ ಒಂದು ಕ್ಯಾಪ್ ಹಾಕಲು ಮರೆತರೂ ಬೈಕ್ ಸ್ಟಾರ್ಟ್ ಆಗುತ್ತದೆ, ಓಡುತ್ತದೆ. ಪಿಕಪ್ ಸತ್ತು ಮೈಲೇಜ್ ಬಿದ್ದಾಗಲೇ ಗೊತ್ತಾಗುವುದು. ಬದಲಿಸಿದ ಪ್ಲಗ್ ಎಷ್ಟು, ಹಾಕಿದ ಕ್ಯಾಪ್ ಎಷ್ಟು, ಎಣಿಸಿ.

ಎಲ್ಲ ಸರಿ, ಆದರೂ ಅದೇ ಸಿಲಿಂಡರ್

ಕಾಯಿಲ್, ಪ್ಲಗ್ ಬದಲಿಸಿದರೂ ಕೋಡ್ ಕದಲುತ್ತಿಲ್ಲ ಎಂದರೆ ಇನ್ನು ಗ್ಯಾರೇಜ್ ಕೆಲಸ. ಇಂಜೆಕ್ಟರ್ ಮತ್ತು ಅದರ ವೈರಿಂಗ್ ಪರೀಕ್ಷೆ, ಬಳಿಕ ಕಂಪ್ರೆಶನ್. ಪೆಟ್ರೋಲ್ ಇಂಜಿನ್‌ನಲ್ಲಿ ಕಂಪ್ರೆಶನ್ ಸಾಮಾನ್ಯವಾಗಿ 150-200 ಪಿಎಸ್‌ಐ ಆಸುಪಾಸು ಇರುತ್ತದೆ. ಅಂಕಿಗಿಂತ ಸಿಲಿಂಡರ್‌ಗಳ ನಡುವಿನ ಅಂತರ ಮುಖ್ಯ: ಮೂರು 175 ತೋರಿಸಿ ಒಂದು 110 ಎಂದರೆ ವಾಲ್ವ್ ಅಥವಾ ರಿಂಗ್. ಆ ಸಿಲಿಂಡರ್‌ಗೆ ಒಂದು ಚಮಚ ಇಂಜಿನ್ ಆಯಿಲ್ ಬಿಟ್ಟು ಮತ್ತೆ ಅಳೆದಾಗ ಅಂಕಿ ಏರಿದರೆ ರಿಂಗ್ ಸವೆದಿದೆ, ಏರದಿದ್ದರೆ ವಾಲ್ವ್ ಕೂರುತ್ತಿಲ್ಲ.

ಗ್ಯಾರೇಜ್‌ಗೆ ಬಿಡುವಾಗ ‘ಇಂಜಿನ್ ನಡುಗುತ್ತೆ, ನೋಡಿ’ ಎನ್ನುವುದರ ಬದಲು ಯಾವ ಕೋಡ್, ಯಾವ ಕಾಯಿಲ್ ಎಲ್ಲಿಗೆ ಬದಲಿಸಿದಿರಿ, ಬಿಸಿಯಲ್ಲೋ ತಣ್ಣಗಿರುವಾಗಲೋ ಎಂದು ಚೀಟಿಯಲ್ಲಿ ಬರೆದುಕೊಡಿ. ಹಳೇ ಪ್ಲಗ್‌ಗಳ ಮೊಟ್ಟೆ ಟ್ರೇ ಡಿಕ್ಕಿಯಲ್ಲಿರಲಿ. ನಡುಕ ಬೆಳಗಿನ ಮೊದಲ ಸ್ಟಾರ್ಟ್‌ನಲ್ಲೇ ಹೆಚ್ಚಿದ್ದರೆ ಗಾಡಿಯನ್ನು ಹಿಂದಿನ ರಾತ್ರಿಯೇ ಬಿಟ್ಟು ಬನ್ನಿ, ಮೆಕ್ಯಾನಿಕ್ ಬಂದು ತಣ್ಣಗಿನ ಇಂಜಿನನ್ನೇ ಸ್ಟಾರ್ಟ್ ಮಾಡಲಿ.